ಬದುವಿನ ಮೇಲೆ ಇಪ್ಪತ್ತು ನಿಮಿಷ

"ನನ್ನ ಮಗನ ಹತ್ರ ಮೊದಲು ಹೋದೋರು ಯಾರು?" ಎಂದು ಹೊಲದ ಬದುವಿನ ಮೇಲೆ ನಿಂತು ದಕ್ಷಿಣಾಮೂರ್ತಿ ಕೇಳಿದಾಗ ಊರವರೆಲ್ಲ ಅಂಬರೀಶನ ಕಡೆ ನೋಡಿದರು.

"ನಮ್ಮ ಮೇಷ್ಟ್ರೇ ಸಾಮಿ," ಎಂದರು ಯಾರೋ. ಮುದುಕರಾದ ದಕ್ಷಿಣಾಮೂರ್ತಿ ಅವನಿಗೆ ಎರಡೂ ಕೈ ಮುಗಿದರು.

ತಿಂಗಳ ಹಿಂದೆ ಗೌರಿಬಿದನೂರಿನಾಚೆ, ಅಭ್ಯಾಸಕ್ಕೆ ಹಾರುತ್ತಿದ್ದ ಎರಡು ಯುದ್ಧವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ಬಡಿದಿದ್ದವು. ಒಂದರ ಪೈಲಟ್ ಕೆರೆಯಂಗಳದಲ್ಲಿ ಇಳಿದು ಬದುಕಿಕೊಂಡ. ಇನ್ನೊಬ್ಬ, ದಕ್ಷಿಣಾಮೂರ್ತಿಯವರ ಮಗ, ಪ್ಯಾರಾಚೂಟಿನ ಸಮೇತ ಲಕ್ಷ್ಮಿದೇವಮ್ಮನ ಮುಸುಕಿನಜೋಳದ ಹೊಲದ ಅಂಚಿಗೆ ಬಿದ್ದ. ಪಕ್ಕದಲ್ಲೇ ವಿಮಾನದ ಮುರಿದ ರೆಕ್ಕೆ ಹೊಗೆಯಾಡುತ್ತಿತ್ತು. ಲಕ್ಷ್ಮಿದೇವಮ್ಮ ಬಿಂದಿಗೆ ಹಿಡಿದು ಓಡಿದಳು. ಅಡ್ಡ ನಿಂತವನು ಅಂಬರೀಶ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಅವನ ಮಾತಿಗೆ ಊರಲ್ಲಿ ತೂಕವಿತ್ತು. "ಯಾರೂ ಹೋಗ್ಬೇಡಿ. ಬಾಂಬ್ ಇರುತ್ತೆ, ಸಿಡಿಯುತ್ತೆ," ಎಂದ. ಬಾಂಬಿನ ವಿಚಾರ ಅವನಿಗೇನೂ ಗೊತ್ತಿರಲಿಲ್ಲ. ಹೆದರಿದ್ದ, ಅಷ್ಟೆ. ಎಲ್ಲರೂ ನಿಂತರು. ಹೊಗೆ ಅಡಗಿದ ಮೇಲೆ ಮೊದಲು ಹೆಜ್ಜೆ ಇಟ್ಟವನೂ ಅವನೇ. ಅಷ್ಟರಲ್ಲಿ ಹುಡುಗನ ತೊಡೆಯಿಂದ ಹರಿದ ರಕ್ತ ನೆಲದಲ್ಲಿ ಇಂಗಿಹೋಗಿತ್ತು. ಆಂಬುಲೆನ್ಸಿನಲ್ಲೇ ಪ್ರಾಣ ಹೋಯಿತು. ಪೇಪರಿನಲ್ಲಿ ಮೇಷ್ಟರ ಫೋಟೊ ಬಂತು, ಶಾಲೆಯಲ್ಲಿ ಶಾಲು ಹೊದಿಸಿದರು. ಅವನು ಬೇಡ ಎನ್ನಲಿಲ್ಲ.

ಲಕ್ಷ್ಮಿದೇವಮ್ಮ ಈಗ ಸೆರಗು ಬಿಗಿದುಕೊಂಡು ಒಂದು ಪಕ್ಕಕ್ಕೆ ನಿಂತಿದ್ದಳು. ಅವಳು ಬಾಯಿ ಬಿಡುವುದಿಲ್ಲ ಎಂದು ಅಂಬರೀಶನಿಗೆ ತಿಳಿದಿತ್ತು. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಸಾರ್, ಮೊದಲು ಓಡಿದ್ದು ಈಯಮ್ಮ. ತಡೆದೋನು ನಾನು. ಇಪ್ಪತ್ತು ನಿಮಿಷ ಬದುವಿನ ಮೇಲೆ ಸುಮ್ನೆ ನಿಂತಿದ್ವಿ."

ದಕ್ಷಿಣಾಮೂರ್ತಿ ಮುಗಿದ ಕೈ ಇಳಿಸಿದರು. "ಅವನಿಗೆ ಎಚ್ಚರ ಇತ್ತಾ?" ಎಂದರು.

"ಇತ್ತು ಸಾರ್. ಎರಡು ಸಲ ಕೈ ಎತ್ತಿದ್ರು."

"ನಿಮ್ಮನ್ನ ನೋಡಿ?"

"ಹೂಂ ಸಾರ್. ನನ್ನನ್ನೇ ನೋಡಿ."

ಲಕ್ಷ್ಮಿದೇವಮ್ಮ ಮುಂದೆ ಬಂದು, "ಬನ್ನಿ ಸಾಮಿ, ಜಾಗ ನಾನು ತೋರಿಸ್ತೀನಿ," ಎಂದಳು.

"ಬೇಡಮ್ಮ. ಅವರೇ ತೋರಿಸ್ಲಿ."

ಜೋಳ ಕೊಯ್ದಾಗಿತ್ತು. ಹೊಲದ ತುಂಬ ಚೂಪಾದ ಕೂಳೆಗಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುದುಕರು ಎಡವಿದರು. ಅಂಬರೀಶ ಕೈ ಚಾಚಿದ. ಅವರು ಆ ಕೈಯನ್ನೊಮ್ಮೆ ನೋಡಿ, ಹಿಡಿಯದೆ, ಕೂಳೆ ತಪ್ಪಿಸಿಕೊಂಡು ನಡೆದರು. ಅಂಬರೀಶ ಚಾಚಿದ ಕೈಯನ್ನು ಹಿಂದೆಗೆಯದೆ ಪಕ್ಕದಲ್ಲೇ ಹೆಜ್ಜೆ ಹಾಕಿದ.