ಗುಂಡವ್ವನ ಕಾಲ ಮೇಲೆ ಅಳ್ಳು

ಲಚ್ಯಾಣದಿಂದ ಇಂಡಿಗೆ ಹೊರಟ ಟಂಟಂನಲ್ಲಿ ಗುಂಡವ್ವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬುಟ್ಟಿಯೊಳಗೆ ಒಂದೂಮುಕ್ಕಾಲು ಕಿಲೋ ತೂಗುವ ಬಿಳಿ ಮೊಲ. ಬಾಣಲೆಯಿಂದ ಪುಟಿಯುವ ಜೋಳದ ಅಳ್ಳಿನ ಹಾಗಿದೆಯೆಂದು ಮೊಮ್ಮಗಳು ಪಲ್ಲವಿ ಅದಕ್ಕೆ ಅಳ್ಳು ಎಂದೇ ಹೆಸರಿಟ್ಟಿದ್ದಳು. ಪಲ್ಲವಿ ಬಸವನ ಬಾಗೇವಾಡಿಯ ವಸತಿ ಶಾಲೆಯಲ್ಲಿ ಆರನೆಯ ತರಗತಿ. ಮರುದಿನ, ಭಾನುವಾರ, ಊರಿಗೆ ಬರುವವಳಿದ್ದಳು. "ಆಯಿ, ನಾ ಬರೂತನಾ ಅಳ್ಳು ಇರಬೇಕು ನೋಡು" ಎಂದು ಫೋನಿನಲ್ಲಿ ಹೇಳಿದ್ದಳು.

ಹುಡುಗಿ ಸುಮ್ಮನೆ ಹೆದರಿರಲಿಲ್ಲ. ಹದಿನಾಲ್ಕು ದಿನದ ಹಿಂದೆ ಅಳ್ಳುವಿನ ಕಿವಿಯ ಕಜ್ಜಿಗೆ ಮೊದಲ ಇಂಜೆಕ್ಷನ್ ಆಗಿತ್ತು. ಮನೆಗೆ ಬಂದ ಮೊಲ ಮರುದಿನದವರೆಗೆ ಎಸಳು ಹುಲ್ಲು ಮುಟ್ಟಲಿಲ್ಲ, ಒಂದು ಹಿಕ್ಕೆ ಹಾಕಲಿಲ್ಲ. ಡಾಕ್ಟರು ಸಿರಿಂಜಿನಲ್ಲಿ ಹಸಿರು ಗಂಜಿ ಕುಡಿಸಿ ಉಳಿಸಿದ್ದರು. ಮೊಲ ಅರ್ಧ ದಿನ ತಿನ್ನದಿದ್ದರೂ ಹೊಟ್ಟೆ ನಿಂತುಹೋಗುತ್ತದೆ, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದಿದ್ದರು. ಇಂದು ಎರಡನೆಯ ಸೂಜಿ.

ರಸ್ತೆಯ ಎರಡೂ ಕಡೆ ನಿಂಬೆ ತೋಟಗಳು ಹಿಂದಕ್ಕೆ ಹರಿಯುತ್ತಿದ್ದವು. ಗುಂಡವ್ವನಿಗೆ ಜೊಂಪು ಹತ್ತಿತು.

ನಲವತ್ತು ವರ್ಷ ಅವಳು ಊರಿನ ಕೂಸುಗಳಿಗೆ ಎರೆದವಳು. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಎಂಥ ಹಟಮಾರಿ ಕೂಸಿಗೂ ನಿದ್ದೆ. ಲಸಿಕೆ ಹಾಕಿಸಿಕೊಂಡು ಬಂದ ಕೂಸುಗಳನ್ನೂ ತಾಯಂದಿರು ಅವಳ ಕಾಲ ಮೇಲೆಯೇ ತಂದು ಹಾಕುತ್ತಿದ್ದರು. ಮೊದಲ ಸೂಜಿಯ ದಿನ ಮೊಲವನ್ನೂ ಅವಳು ಹಾಗೆಯೇ ಸಂತೈಸಿದ್ದಳು. ಅಂಗಾತ ಮಲಗಿಸಿದೊಡನೆ ಅಳ್ಳು ಮಿಸುಕಾಡದೆ ಬಿದ್ದುಕೊಂಡಿತ್ತು. ಹೊತ್ತು ಮುಳುಗುವವರೆಗೆ ಅದನ್ನು ಕಾಲಿಂದ ಇಳಿಸಿರಲಿಲ್ಲ.

ಪಶು ಆಸ್ಪತ್ರೆಯ ಪಡಸಾಲೆಯಲ್ಲಿ ಎಮ್ಮೆಯೊಂದರ ಸರದಿ ನಡೆದಿತ್ತು. ಗುಂಡವ್ವ ಗೋಡೆಗೊರಗಿ ಕಾಲು ಚಾಚಿದಳು, ಮೊಲವನ್ನು ಅಂಗಾತ ಮಲಗಿಸಿಕೊಂಡಳು, ಕಣ್ಣು ಮುಚ್ಚಿದಳು. ಬಚ್ಚಲ ಹಬೆ ಏಳುತ್ತಿತ್ತು. ಹಬೆಯೊಳಗಿಂದ ತಾನು ಎರೆದ ಕೂಸುಗಳೆಲ್ಲ ಒಂದೊಂದಾಗಿ ಬಂದು ಅವಳ ಕಾಲ ಮೇಲೆ ಮಲಗುತ್ತಿದ್ದವು. ಎಲ್ಲಕ್ಕೂ ಉದ್ದುದ್ದ ಕಿವಿ. ಒಂದೂ ಅಳುತ್ತಿರಲಿಲ್ಲ.

"ಆಯಿ, ಅದನ್ನ ಅಂಗಾತ ಯಾಕ ಹಾಕೀರಿ?"

ಕಣ್ಣು ತೆರೆದರೆ ಎದುರಿಗೆ ಡಾಕ್ಟರು ಸಂಜೀವಕುಮಾರ. ಅವನೂ ಲಚ್ಯಾಣದವನೇ.

"ನಿದ್ದಿ ಮಾಡಾಕತ್ತೈತೋ ತಮ್ಮಾ. ನನ್ನ ಕಾಲಿನ ಗುಣ ಅದು. ನಿನಗೂ ನಾನ ಎರದೇನಿ, ಮರತಿಯೇನು?"

"ಆಗ ನಾ ಸುಮ್ಮ ಇರತಿದ್ನೇನ್ರಿ?"

"ಸುಮ್ಮ? ಮಠದ ತನಕಾ ಕೇಳೂಹಂಗ ಒದರತಿದ್ದಿ! ನಿಮ್ಮವ್ವ ಕಿವ್ಯಾಗ ಬಟ್ಟು ಇಟ್ಕೊಂಡು ಕುಂದರತಿದ್ಲು."

ಎಮ್ಮೆಯ ಹಗ್ಗ ಹಿಡಿದಿದ್ದವನು ಗಟ್ಟಿಯಾಗಿ ನಕ್ಕ. ಸಂಜೀವಕುಮಾರನೂ ನಕ್ಕು ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

"ಕೂಸು ಹೆದರಿದ್ರ ಒದರತೈತಿ. ಮೊಲ ಹೆದರಿದ್ರ ಸುಮ್ಮಾಗತೈತ್ರಿ. ಅಂಗಾತ ಹಾಕಿದ್ರ ಅದಕ್ಕ ನರಿ ಬಾಯಾಗ ಸಿಕ್ಕಂಗ. ಕಣ್ಣ ನೋಡ್ರಿ, ತೆರದ ಅದಾವು. ಎದಿ ಮುಟ್ರಿ."

ಗುಂಡವ್ವ ಮುಟ್ಟಿದಳು. ಬೆರಳ ತುದಿಯಡಿ ಎಣಿಸಲಾಗದಷ್ಟು ಬೇಗ ಏನೋ ಬಡಿದುಕೊಳ್ಳುತ್ತಿತ್ತು. ಅವಳು ಕೈ ಹಿಂದೆಗೆದಳು.

"ಅವತ್ತ ಉಪಾಸ ಬಿದ್ದದ್ದು ಸೂಜಿಗಲ್ಲ, ಹಂಗಾರ?"

"ಸೂಜಿ ಒಂದ ಗಳಿಗಿ ಆಯಿ. ಹೊತ್ತು ಮುಳುಗೂತನಾ ಹಿಂಗ ಹಾಕ್ಕೊಂಡಿದ್ರೇನು?"

ಗುಂಡವ್ವ ಮೊಲವನ್ನು ಮೆಲ್ಲಗೆ ಮಗುಚಿದಳು.

ಬುಟ್ಟಿಯಲ್ಲಿ ಹಾಸಿದ್ದ ತನ್ನ ಹಳೆಯ ಸೀರೆಯ ತುಂಡನ್ನು ಸಂಜೀವಕುಮಾರ ಹೇಳಿದಂತೆ ಮೇಜಿನ ಮೇಲೆ ಹಾಸಿದಳು. ಅಳ್ಳುವಿನ ನಾಲ್ಕೂ ಕಾಲು ನೆಲೆಯೂರಿದವು. ಮುಖವನ್ನು ಅವಳ ಮೊಣಕೈ ಸಂದಿಯಲ್ಲಿ ಹುದುಗಿಸಿ, ಮೈಗೆ ಸೀರೆ ಸುತ್ತಿದರು. ಅವನು ಹೆಗಲ ಮೇಲಿನ ಸಡಿಲ ಚರ್ಮವನ್ನು ಚಿಟಿಕೆಯಷ್ಟು ಎತ್ತಿ ಸೂಜಿ ಹಾಕಿ ತೆಗೆದ. ಮೂಗಿನ ಮಿಡಿತ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಮಿಡಿಯಿತು.

"ವರ್ಷಾ ವರ್ಷಾ ಹಾಕಿಸಬೇಕೇನಪಾ ಈ ಲಸಿಕಿ?"

"ಇದು ಲಸಿಕಿ ಅಲ್ರಿ, ಕಜ್ಜಿ ಔಷಧ. ಇಷ್ಟಕ್ಕ ಮುಗೀತು. ಮನಿಗೆ ಹೋಗಿ ಹುಲ್ಲು, ನೀರು ಮುಂದ ಇಡ್ರಿ. ಎತ್ಕೋಬ್ಯಾಡ್ರಿ. ಸಂಜಿತನಾ ತಿನ್ನದಿದ್ರ ಫೋನ್ ಹಚ್ರಿ."

ಮಧ್ಯಾಹ್ನ ಮನೆಯಲ್ಲಿ ಅಳ್ಳು ಕಾಳಿನ ಚೀಲದ ಸಂದಿಗೆ ಸೇರಿಕೊಂಡಿತು. ಗುಂಡವ್ವ ಹುಲ್ಲು, ನೀರು, ನಾಲ್ಕು ಎಸಳು ಕೊತ್ತಂಬರಿ ಇಟ್ಟಳು. ನಲವತ್ತು ವರ್ಷದ ರೂಢಿಗೆ ಕೈ ಎರಡು ಸಲ ಚೀಲದ ಕಡೆ ಚಾಚಿತು. ಎರಡು ಸಲವೂ ಹಿಂದಕ್ಕೆಳೆದುಕೊಂಡಳು. ಕೊನೆಗೆ ಕೈಗಳನ್ನು ತಲೆಯಡಿ ಇಟ್ಟುಕೊಂಡು ನೆಲಕ್ಕೇ ಮಲಗಿದಳು.

ಬೆಳಕಿಂಡಿಯ ಬಿಸಿಲು ಗೋಡೆಯಿಂದ ಇಳಿದು ಅವಳ ಸೀರೆಯ ಅಂಚಿಗೆ ಬಂತು. ಮತ್ತೆ ಬಚ್ಚಲ ಹಬೆ, ಮತ್ತೆ ಉದ್ದ ಕಿವಿಯ ಕೂಸುಗಳು. ಈ ಸಲ ಅವಳು ಕಾಲು ಚಾಚದೆ ಬಾಗಿಲಲ್ಲಿ ಸರಿದು ನಿಂತಿದ್ದಳು. ಕೂಸುಗಳು ಅವಳನ್ನು ದಾಟಿ, ನೆಲ ಮೂಸುತ್ತ, ಬಿಳಿ ಬಿಳಿಯಾಗಿ ಹೊಲಕ್ಕಿಳಿಯುತ್ತಿದ್ದವು. ಎಲ್ಲೋ ಕುರುಕುರು ಸದ್ದು.

ಸದ್ದು ಕನಸಿನದಲ್ಲ. ಕಣ್ಣು ಬಿಟ್ಟಾಗ ಕೊತ್ತಂಬರಿಯ ಕೊನೆಯ ದಂಟು ಮೊಲದ ಬಾಯೊಳಗೆ ಹೋಗುತ್ತಿತ್ತು.

ಸಂಜೆ ಹಾಸ್ಟೆಲ್ಲಿನಿಂದ ಫೋನು ಬಂತು. "ಆಯಿ, ಅಳ್ಳು?"

"ಹಿಕ್ಕಿ ಹಾಕೈತಿ."

"ಎಷ್ಟು?"

"ಹನ್ನೊಂದು. ಎಣಿಸೇನಿ."

ಪಲ್ಲವಿ ಆ ತುದಿಯಿಂದ ಕಿರುಚಿದಳು.

"ಹಂಗ ಒದರು ಮಗಳ, ಛೊಲೊ" ಎಂದು ಗುಂಡವ್ವ ದನಿ ತಗ್ಗಿಸಿ ಹೇಳಿದಳು. ಅಳ್ಳು ತಾನಾಗಿಯೇ ಬಂದು ಅವಳ ಪಾದ ಮೂಸುತ್ತಿತ್ತು.