ವಾಲ್ದೆರೊಬ್ಲೆಯಾಚೆ ಇಪ್ಪತ್ಮೂರು ಶೆಡ್ಡು

“ಲೋ, ಕೋಳಿ ಶೆಡ್ಡಿಗೂ ಊರು ಅಂತ ಮಾರ್ಕ್ ಮಾಡಿದೀಯಲ್ಲೋ, ತಲೇಲಿ ಏನಿಟ್ಕೊಂಡಿದೀಯ, ಸಗಣೀನಾ?”

ಇಡೀ ಟೀಮಿನೆದುರು ವಿಶ್ವಾಸ್ ಪರದೆಗೆ ಬೆರಳು ಕುಟ್ಟಿದ. ಅವನು ಮೈಸೂರಿನವನು, ಕಂಪನಿಯ ಕಾಯಂ ನೌಕರ. ವೆಂಕಟೇಶ್ ಮಾಲೂರು ಕಡೆಯವನು, ಗುತ್ತಿಗೆಯವನು. ಗುತ್ತಿಗೆ ನಾಳೆ ಮುಗಿಯುತ್ತಿತ್ತು. ಮುಂದುವರಿಯಲು ವಿಶ್ವಾಸನ ಒಪ್ಪಿಗೆ ಬೇಕು. ಇಲ್ಲದಿದ್ದರೆ ವೀಸಾ ನಿಯಮದಂತೆ ಅರವತ್ತು ದಿನದೊಳಗೆ ಬೇರೆ ಕೆಲಸ, ಇಲ್ಲವೇ ಊರಿಗೆ ವಿಮಾನ.

ಅಮೆರಿಕದ ಬೆಲ್ವ್ಯೂದಲ್ಲಿ, ಕಚೇರಿಯ ಹದಿನೆಂಟನೇ ಮಹಡಿಯಲ್ಲಿ ಕೂತು ವೆಂಕಟೇಶ್ ನಾಲ್ಕು ತಿಂಗಳಿಂದ ಸ್ಪೇನಿನ ವಾಲ್ದೆರೊಬ್ಲೆ ಎಂಬ ಹಳ್ಳಿಯನ್ನೂ ಸುತ್ತಲಿನ ಎರಡು ಪಟ್ಟಣ, ಏಳು ಊರುಗಳನ್ನೂ ನಕ್ಷೆಗೆ ಏರಿಸುತ್ತಿದ್ದ. ಹಳ್ಳಿಯ ಜನಸಂಖ್ಯೆ ನೂರ ಹನ್ನೆರಡು. ಚರ್ಚು ಒಂದು, ಹೆಂಡದಂಗಡಿ ಒಂದು, ಬಟ್ಟೆ ಒಗೆಯುವ ಕಲ್ಲುತೊಟ್ಟಿ ಒಂದು. ಯಾವ ಓಣಿ ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ. ಲಿನ್‌ವುಡ್‌ನ ತನ್ನ ಕೋಣೆಯಿಂದ ಬಸ್ ನಿಲ್ದಾಣಕ್ಕೆ ಮಾತ್ರ ಇವತ್ತಿಗೂ ಫೋನ್ ನೋಡಿಕೊಂಡೇ ನಡೆಯುತ್ತಾನೆ.

“ಕೋಳೀದಲ್ಲ ಸಾ. ರೋಡ್ ಫೋಟೋ ನೋಡಿ, ಹಗ್ಗದ ಮ್ಯಾಲೆ ಪ್ಯಾಂಟ್ ಒಣಗಾಕವ್ರೆ. ಕೋಳಿ ಪ್ಯಾಂಟ್ ಹಾಕ್ತವಾ? ಹಣ್ಣು ಕೀಳೋ ಕೂಲಿಯೋರು ಸಾ.”

“ಊರಿಂದಾಚೆ ತಾನೆ? ಹಂಗಾದ್ರೆ ಊರೋರಲ್ಲ. ಡಿಲೀಟ್ ಮಾಡು. ನಾಳೆ ರಿನ್ಯೂವಲ್ ಬೇಕಲ್ವಾ?”

ಊಟದ ಮೇಜಿನಲ್ಲಿ ವಿಶ್ವಾಸ್ ನಯವಾದ. ಫೋನಿನಲ್ಲಿ ವೆಂಕಟೇಶನ ಹಳ್ಳಿಯ ನಕ್ಷೆ ತೆರೆದು, ಮೊಸರನ್ನ ಕಲಸುತ್ತಾ ಕೇಳಿದ: “ನಿಮ್ಮನೆ ಎಲ್ ಬರತ್ತಪ್ಪ? ದೇವಸ್ಥಾನದ ಬೀದೀಲಾ?”

ಸುತ್ತಲಿನ ಚಮಚಗಳು ನಿಂತವು.

ವೆಂಕಟೇಶನ ಕೇರಿ ನಕ್ಷೆಯಲ್ಲಿರಲಿಲ್ಲ. ಕೆರೆಯಾಚೆ ಬರೀ ಹಸಿರು ಬಣ್ಣ. ಅವನ ಬೆರಳು ಆ ಹಸಿರಿನ ಮೇಲೆ ಸುಳಿದು, ಸೀದಾ ದೇವಸ್ಥಾನದ ಪಕ್ಕದ ಗೌಡರ ತೊಟ್ಟಿಮನೆಯ ಮೇಲೆ ಹೋಗಿ ಕೂತಿತು. “ಇದೇ ಸಾ.”

ಆ ಮನೆಯ ಅಂಗಳವನ್ನು ಅವನವ್ವ ನಲವತ್ತು ವರ್ಷ ಗುಡಿಸಿದ್ದಳು, ಹೊಸ್ತಿಲು ದಾಟಿದವಳಲ್ಲ. ಮಗ ಒಂದೇ ಬೆರಳಲ್ಲಿ ಗೃಹಪ್ರವೇಶ ಮಾಡಿ ಮುಗಿಸಿದ್ದ.

ನಾಲ್ಕು ಗಂಟೆಗೆ ವಿಶ್ವಾಸ್ ಬೆನ್ನ ಹಿಂದೆ ಬಂದು ನಿಂತ. “ಇನ್ನೂ ಹಾಗೇ ಇದೆಯಾ? ಡಿಲೀಟ್ ಒತ್ತೋ.”

“ಮದ್ಯಾನ ತೋರ್ಸಿದ್ದು ಗೌಡ್ರ ಮನೆ ಸಾ. ನಮ್ದು ಕೆರೆ ಆಚಿಕ್ಕೆ. ಯಾವನೋ ಬೋಳಿಮಗ ಅಳಿಸವ್ನೆ.”

“ಏನಂದೆ? ಬ್ಯಾಡ್ಜ್ ಕೊಡು. ನಾಳೆ ಬರೋದೇ ಬೇಡ.”

ವೆಂಕಟೇಶ್ ‘ಜನವಸತಿ’ ಎಂಬುದನ್ನು ಆರಿಸಿ, ಮನೆಗಳ ಸಂಖ್ಯೆ ಇಪ್ಪತ್ಮೂರು ಎಂದು ತುಂಬಿ, ಸಬ್ಮಿಟ್ ಒತ್ತಿದ. ಟಿಕ್ ಬೀಳುವವರೆಗೆ ಕಾದ. ಆಮೇಲೆ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟು, ಎದ್ದು ಕುರ್ಚಿಯನ್ನು ವಿಶ್ವಾಸನತ್ತ ತಿರುಗಿಸಿದ.

“ಕೂತ್ಕೊಳಿ ಸಾ. ಸಬ್ಮಿಟ್ ಆಗೋಯ್ತು, ಇನ್ನು ಅಳಿಸ್ಬೇಕಂದ್ರೆ ನಿಮ್ಮ ಹೆಸ್ರು ಹಾಕಿ, ಕಾರಣ ಬರ್ದೇ ಅಳಿಸ್ಬೇಕು.”