ಅರ್ಧ ಕ್ಲಚ್ಚಿನ ಸರ್ವಮಂಗಳಕ್ಕ

ಬಸ್ ಸ್ಟಾಪು ಹತ್ತಿರ ಬಂತೆಂದರೆ ಸಾಕು, ಕಟ್ಟೆಮಳಲವಾಡಿಯ ಸರ್ವಮಂಗಳಕ್ಕನ ಬೂದು ಬಣ್ಣದ ಡೀಸೆಲ್ ಕಾರಿಗೆ ಒಂದು ಬಗೆಯ ಸಂಕೋಚ ಹಿಡಿಯುತ್ತಿತ್ತು. ಅದು ನಿಲ್ಲುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದ ಮೇಲೆ ಅವಳ ಎಡಗಾಲು ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಹಿಡಿದುಕೊಂಡಿರುತ್ತಿತ್ತು. ಎಂಜಿನ್ನು ಒಳಗೊಳಗೇ ಉಬ್ಬಸಪಡುತ್ತ, ಮರದ ನೆರಳು ಮುಗಿದು ತಂಗುದಾಣದ ಕಂಬಗಳು ಹಿಂದಾಗುವವರೆಗೂ ಕಾರು ತೆವಳುತ್ತಿತ್ತು. ಎಡಗಡೆಯ ಕಿಟಕಿಯ ಗಾಜು ಇಳಿದೇ ಇರುವುದು, ಆದರೆ ಸರ್ವಮಂಗಳಕ್ಕ ಮಾತ್ರ ಅಲ್ಲಿ ನಿಂತವರ ಕಡೆ ತಪ್ಪಿಯೂ ತಿರುಗುತ್ತಿರಲಿಲ್ಲ. ಯಾರಾದರೂ ಕೈ ಎತ್ತಿದರೆ ಆಗಷ್ಟೇ ಕಂಡವಳಂತೆ ಬ್ರೇಕು ಒತ್ತಿ, "ಓ, ನೀವಾ? ನಾನೂ ಅತ್ಲಾಗೇ ಒಂಟಿದ್ದೆ, ಅತ್ಕಳಿ" ಎನ್ನುವಳು. ಯಾರೂ ಎತ್ತದಿದ್ದರೆ ರಸ್ತೆಯುಬ್ಬು ದಾಟಿದವಳ ಹಾಗೆ ಮುಂದೆ ಹೋಗುವಳು.

ಐವತ್ತು ದಾಟಿದ ಹೆಂಗಸು. ಎತ್ತರದ ನಿಲುವು, ಮುಂದಕ್ಕೆ ಬಾಗಿದ ಬಿರುನಡೆ. ಸೀರೆಯ ಮೇಲೆ ತೀರಿಕೊಂಡ ಅಪ್ಪನ ಕಂದುಬಣ್ಣದ ಉಣ್ಣೆಯ ಕೋಟು, ಬೇಸಿಗೆಯಲ್ಲೂ ಅದೇ. ತಾಯಿಯಿಲ್ಲದ ಮನೆಯಲ್ಲಿ ಅಪ್ಪನ ಕಾಯಿಲೆ, ಅಣ್ಣಂದಿರ ಮದುವೆ, ಜಮೀನಿನ ಪಾಲು ಇವೆಲ್ಲ ಒಂದರ ಹಿಂದೊಂದು ಬಂದು, ಅವಳ ಮದುವೆಯ ಮಾತನ್ನು ಯಾರೂ ಬೇಡವೆನ್ನದೆಯೇ, ಯಾರೂ ಬೇಕೆನ್ನದೆಯೇ ಮುಂದಕ್ಕೆ ತಳ್ಳುತ್ತ ಹೋಗಿ, ಕೊನೆಗೆ ಆ ಮಾತೇ ದಣಿದು ನಿಂತುಹೋಗಿತ್ತು. ತನ್ನ ಪಾಲಿಗೆ ಬಂದ ಹೊಲದಲ್ಲಿ ಹೊಗೆಸೊಪ್ಪು ಬೆಳೆದಳು, ಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್ ಮನೆ ಕಟ್ಟಿಸಿದಳು, ಆಳುಕಾಳುಗಳಿಗೆ ತಪ್ಪದೆ ಊಟ ಹಾಕಿದಳು, ಗಂಡಸರು ಮೂಗಿನ ಮೇಲೆ ಬೆರಳಿಡುವ ಹಾಗೆ ಕಾರು ಕಲಿತಳು. ಆ ಮನೆಯ ಹೊಸ್ತಿಲಿಗೆ ಬೇಡಿ ಬಂದವರು ಬರಿಗೈಯಲ್ಲಿ ಹೋದದ್ದಿಲ್ಲ. ಆ ಮನೆಯವರು ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು ಬೇಡಿದ್ದೂ ಇಲ್ಲ. ಅಪ್ಪ ಅದನ್ನು ಮನೆತನದ ಹೆಮ್ಮೆ ಎಂದು ಹೇಳಿಕೊಟ್ಟಿದ್ದ. ಹೆಮ್ಮೆ ಎಷ್ಟೋ ಸಲ ಒಂಟಿತನದ ಬಾಗಿಲಿಗೆ ಬಡಿದ ಅಗುಳಿಯಾಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲವೋ, ತಿಳಿದೂ ಹೇಳಲಿಲ್ಲವೋ, ಯಾರು ಬಲ್ಲರು. ತನ್ನ ಬಗ್ಗೆ ಯಾರಾದರೂ ಏನಾದರೂ ಕೇಳಿದರೆ ಅವಳು "ಅದಂಗಿರ್ಲಿ" ಎಂದುಬಿಡುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಸುಮ್ಮನೆ ತಿರುಗುವುದು ಮರ್ಯಾದಸ್ಥರ ಲಕ್ಷಣವಲ್ಲವಾದ್ದರಿಂದ ಅವಳ ಕಾರಿನ ಹಿಂಬದಿಯ ಸೀಟಿನಲ್ಲಿ ಮಡಿಸಿದ ಖಾಲಿ ಗೋಣಿಚೀಲವೊಂದು ಸದಾ ಇರುತ್ತಿತ್ತು. ಕೆ.ಆರ್. ನಗರಕ್ಕೆ ಬಿತ್ತನೆ ಭತ್ತ ನೋಡಲು, ಪಿರಿಯಾಪಟ್ಟಣಕ್ಕೆ ಗೊಬ್ಬರ ವಿಚಾರಿಸಲು, ನೆಪಕ್ಕೇನು ಬರ. ಒಮ್ಮೆ ಹುಣಸೂರಿನ ಸಂತೆಯಿಂದ ಹೊರಟ ಬೀರಮ್ಮನೆಂಬ ಮುದುಕಿ ಹತ್ತಿ ಕೂತು, ತಾನು ಹೋಗಬೇಕಾದದ್ದು ಎದುರು ದಿಕ್ಕಿನ ಹ್ಯಾಂಡ್‌ಪೋಸ್ಟ್ ಊರಿಗೆ ಎಂದಾಗ, ಊರಿನ ದಾರಿ ಹಿಡಿದಿದ್ದ ಸರ್ವಮಂಗಳಕ್ಕ ಒಂದು ಮಾತೂ ಆಡದೆ ಕಾರು ತಿರುಗಿಸಿದಳು. ದಾರಿಯುದ್ದಕ್ಕೂ ಬೀರಮ್ಮ ತನ್ನ ಸೊಸೆಯನ್ನು ಬೈದಳು, ಸಾರಿಗೆ ಉಪ್ಪು ಹಾಕುವ ರೀತಿಯಿಂದ ಹಿಡಿದು ತಲೆ ಬಾಚುವ ರೀತಿಯವರೆಗೆ. ಆ ಬೈಗುಳವೆಲ್ಲ ಸರ್ವಮಂಗಳಕ್ಕನಿಗೆ ಅಮೃತವಾಯಿತು. ಇನ್ನೊಮ್ಮೆ ಬೈಲಕುಪ್ಪೆಯ ಇಬ್ಬರು ತರುಣ ಟಿಬೆಟನ್ ಭಿಕ್ಷುಗಳು ಹತ್ತಿ, ನಮ್ಮವರಿಗಿಂತ ಶುದ್ಧವಾದ ಕನ್ನಡದಲ್ಲಿ ಮಳೆ ಬೆಳೆ ಮಾತಾಡಿ, ಇಳಿಯುವಾಗ ಅವಳ ಕೈಗೆ ಅರ್ಧ ರೊಟ್ಟಿ ಕೊಟ್ಟುಹೋದರು. ಅದನ್ನು ಯಾರಿಗಾದರೂ ಹೇಳಬೇಕೆಂದು ಮನೆಗೆ ಬಂದವಳು, ಬೀಗ ತೆಗೆಯುವಾಗ, ಹೇಳಲು ಯಾರೂ ಇಲ್ಲವೆಂಬುದನ್ನು ನೆನಪಿಸಿಕೊಂಡು, ಬಾಗಿಲ ಬಳಿಯೇ ಸ್ವಲ್ಪ ಹೊತ್ತು ನಿಂತಿದ್ದಳು.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಾಡಿಗೆ ಒಳ್ಳೆಯದೇ ಆಯಿತು, ಸರ್ವಮಂಗಳಕ್ಕನೂ ಹಾಗೇ ಅಂದಳು. ಆದರೆ ಸ್ಟಾಪಿನಲ್ಲಿ ಎತ್ತುತ್ತಿದ್ದ ಕೈಗಳು ಕಡಿಮೆಯಾದವು. ಗಂಡಸರು ಬೈಕಿನ ಪಾಲಾದರು, ಹೆಂಗಸರು ಬಸ್ಸಿನ ಪಾಲಾದರು. ಕೈಗಳು ಕಡಿಮೆಯಾದಷ್ಟೂ ಅವಳ ಕಾರು ಇನ್ನೂ ನಿಧಾನವಾಯಿತು, ಇನ್ನೂ ದೂರದಿಂದಲೇ ತೆವಳತೊಡಗಿತು. ಹೀಗೆ ಅರ್ಧ ಹಿಡಿದು ಅರ್ಧ ಬಿಟ್ಟ ಕ್ಲಚ್ಚು ಎಷ್ಟು ದಿನ ಬಾಳೀತು? ಪಿರಿಯಾಪಟ್ಟಣದಿಂದ ಬರುವಾಗ ಒಂದು ಏರಿನಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ನು ಅರಚಿತು, ಕಾರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹುಣಸೂರಿನ ಲಿಂಗಣ್ಣನ ಗ್ಯಾರೇಜಿಗೆ ಎಳೆಸಬೇಕಾಯಿತು.

ಲಿಂಗಣ್ಣ ಬಾಯಿಬಡುಕ. ಕೈಗಿಂತ ಬಾಯಿಗೇ ಹೆಚ್ಚು ಕೆಲಸ ಎಂದು ಗಿರಾಕಿಗಳು ಗೊಣಗುವುದುಂಟು, ಆದರೂ ಬೇರೆಡೆ ಹೋಗುವುದಿಲ್ಲ. ಗೇರ್‌ಬಾಕ್ಸು ಇಳಿಸಿ, ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು, ಸಾವಿನ ಮನೆಯಲ್ಲಿ ಮಾತಾಡುವವನ ಹಾಗೆ ದನಿ ತಗ್ಗಿಸಿದ. "ಅಕ್ಕ, ಯಾರ್‌ಗಾರ ಕಾರು ಕಲ್ಯಕ್ಕೆ ಕೊಟ್ಟಿದ್ರಾ?"

"ಅದಂಗಿರ್ಲಿ, ಏನಾಗದೆ ಏಳು."

"ಏನಾಗದೆ ಅಂದ್ರೆ, ಏನೂ ಉಳ್ದಿಲ್ಲ. ಪ್ಲೇಟು ಸವ್ದು ಕಾಗ್ದ ಆಗದೆ. ಫ್ಲೈವೀಲೂ ಕಾದು ಕಾದು ನೀಲಿಗಟ್ಟದೆ, ಇಲ್ನೋಡಿ, ಕೈಲಿ ತಿರುಗ್ಸುದ್ರೆ ಲೊಡಬಡ ಅಂತದೆ. ದಿನಾ ಕೊಡಗಿನ ಗಾಟಿ ಅತ್ತುಸ್ತಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸರ್ವಮಂಗಳಕ್ಕ ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡಿದಳು. ಲಿಂಗಣ್ಣ ಅದನ್ನು ಗಮನಿಸದೆ ತನ್ನ ಉಪನ್ಯಾಸ ಮುಂದುವರಿಸಿದ. ಫ್ಲೈವೀಲು ಎಂದರೆ ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ, ಕ್ಲಚ್ಚು ಅಪ್ಪಿಕೊಳ್ಳುವುದು ಅದನ್ನೇ. ಈಗ ಅದರಲ್ಲಿ ಎರಡು ಬಗೆ ಸಿಗುತ್ತದೆ, ಯಾವುದು ಎಂದು ಅಕ್ಕ ಆರಿಸಬೇಕು.

"ಒಂದು, ಕಾರಿನ ಜೊತೆ ಬಂದಿತ್ತಲ್ಲ, ಅಂತದೇ. ಎಲ್ಡು ತುಂಡು, ಮದ್ಯೆ ಸ್ಪ್ರಿಂಗು. ಮೆತ್ತಗಿರ್ತದೆ, ಸದ್ದು ಗದ್ದಲ ಇಲ್ಲ. ಆದ್ರೆ ಬಿಸಿ ತಡ್ಯಕಿಲ್ಲ. ಇಂಗೇ ಅರ್ದ ಕ್ಲಚ್ಚಲ್ಲಿ ಎಳುದ್ರೆ ತಿರ್ಗ ಇದೇ ಗತಿ. ಇನ್ನೊಂದು ಒಂದೇ ತುಂಡು, ಗಟ್ಟಿ ಕಬ್ಣ. ಅದು ನೀವೆಂಗೆ ಎಳುದ್ರೂ ಒಸಿ ತಡ್ಕತದೆ. ಆದ್ರೆ ನಿದಾನ ಹೋಗುವಾಗ ಗಡಗಡ ಅಂತದೆ, ನೆಲ ಎಲ್ಲ ನಡುಗ್ತದೆ. ಪಕ್ದಲ್ಲಿ ಕೂತೋರ ಮಾತು ಕೇಳಕಿಲ್ಲ."

ಪಕ್ಕದಲ್ಲಿ ಕೂತವರ ಮಾತು. ಆ ಮಾತಿಗಾಗಿಯೇ ಅಲ್ಲವೆ ಈ ಕಾರು, ಈ ಗೋಣಿಚೀಲ, ಈ ಸುಳ್ಳು ಪ್ರಯಾಣಗಳೆಲ್ಲ. ಸದ್ದಿಲ್ಲದ ಚಕ್ರ ಬೇಕೆಂದರೆ ತೆವಳುವುದನ್ನು ಬಿಡಬೇಕು. ತೆವಳಬೇಕೆಂದರೆ ಹತ್ತಿದವರ ಮಾತು ಕೇಳದ ಕಾರಿನಲ್ಲಿ ಕೂರಬೇಕು. ಲಿಂಗಣ್ಣ ಕೈ ಒರೆಸಿಕೊಳ್ಳುತ್ತ, "ನೀವೆಂಗೆ ಓಡುಸ್ತೀರಿ ಅಂತ ನಿಜ ಏಳ್ಬುಡಿ, ಯಾವ್ದು ಅಂತ ನಾನೇಳ್ತೀನಿ" ಅಂದ.

ಅವಳು "ಸ್ಟಾಪಲ್ಲಿ ಜನ ಇದ್ರೆ ನಿದಾನ ಮಾಡ್ತೀನಿ" ಅಂದಳು. "ಬರೋರಿದ್ರೆ ಬರ್ಲಿ ಅಂತ."

"ಮಾಡಿ, ಬ್ಯಾಡ ಅಂದೋರ್ಯಾರು? ಪೂರ್ತಿ ನಿಲ್ಸಿ, ನ್ಯೂಟ್ರಲ್ ಆಕಿ, ಕಾಲ್ ತಗ್ದು ‘ಬತ್ತೀರಾ’ ಅಂತ ಕೇಳಿ. ಆವಾಗ ಯಾವ ಕ್ಲಚ್ಚೂ ಸವ್ಯಕಿಲ್ಲ."

"ನಿಲ್ಸಿ ಕೇಳೋದಾ?"

"ಮತ್ತೆ? ಕೇಳ್ದೆ ಎಂಗೆ ಗೊತ್ತಾಯ್ತದೆ?"

"ಬ್ಯಾಡ ಅಂದ್ಬುಟ್ರೆ?"

ಲಿಂಗಣ್ಣ ಅವಳ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತ, "ಬ್ಯಾಡ ಅಂದ್ರೆ ಫಸ್ಟ್ ಗೇರ್ ಆಕಂಡು ಒಂಟೋಗೋದು ಕಣಕ್ಕ, ಇನ್ನೇನ್ ಮಾಡದು" ಅಂದ. ಯೋಚಿಸಿ ಹೇಳುತ್ತೇನೆಂದು ಅವಳು ಎದ್ದಳು.

ಅಂದು ಊರಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಬಸ್ಸಿನ ತುಂಬ ಹೆಂಗಸರು, ಅವರ ನಗೆ, ಅವರ ಜಗಳ, ಮಡಿಲಿನಿಂದ ಮಡಿಲಿಗೆ ದಾಟುವ ಕೂಸುಗಳು. ತಾನು ವರ್ಷಗಟ್ಟಲೆ ಡೀಸೆಲ್ ಸುಟ್ಟು ಹುಡುಕಿದ್ದು ಇಲ್ಲಿ ರಾಶಿ ಬಿದ್ದಿದೆಯೆಂದು ಅವಳಿಗೆ ಅನ್ನಿಸಿತು. ಅವಳನ್ನು ಕಂಡದ್ದೇ ನಾಲ್ಕಾರು ಹೆಂಗಸರು ಎದ್ದು, ಸೆರಗು ಸರಿಮಾಡಿಕೊಂಡು, "ಕೂತ್ಕಳಿ ಅಕ್ಕಾರೆ" ಎಂದು ಕಿಟಕಿಯ ಬದಿಯ ಜಾಗ ಬಿಟ್ಟುಕೊಟ್ಟರು. ಎಲ್ಲ ಅವಳ ಹೊಲದಲ್ಲಿ ದುಡಿದವರು, ಅವಳ ಕೈಯ ಊಟ ಉಂಡವರು. ಅವಳು ಕೂತಳು. ಆ ಸೀಟಿನ ಸುತ್ತ ಮಾತು ನಿಂತುಹೋಯಿತು. ಯಾರೂ ಅವಳನ್ನು ದ್ವೇಷಿಸುತ್ತಿರಲಿಲ್ಲ, ಗೌರವಿಸುತ್ತಿದ್ದರು, ಗೋಳು ಅದೇ. ಬಸ್ಸಿನ ಹಿಂಭಾಗದಲ್ಲಿ ಯಾರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾತಕ್ಕೆ ಎಂದು ಕೇಳುವ ಆಸೆಯಿಂದ ಅವಳು ಹಿಂದಕ್ಕೆ ಅರ್ಧ ತಿರುಗಿದಳು, ಆದರೆ ಕೇಳಲಿಲ್ಲ. ಊರು ಬರುವವರೆಗೂ ಕಿಟಕಿಯಾಚೆಯ ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತ ಕೂತಳು. ಕಾರಿನಲ್ಲಾದರೆ ಪಕ್ಕದ ಸೀಟು ಒಂದೇ. ಅದರಲ್ಲಿ ಕೂತವರು ಗೌರವವನ್ನು ಅರೆಗಳಿಗೆಯಲ್ಲಿ ಮರೆತು ಮಾತಿಗಿಳಿಯಲೇಬೇಕಿತ್ತು.

ಮಾರನೆಯ ದಿನ ಲಿಂಗಣ್ಣನಿಗೆ ಫೋನು ಮಾಡಿ, "ಸದ್ದಿಲ್ದೇ ಇರೋದ್ನೇ ಆಕು" ಅಂದಳು.

"ಅರ್ದ ಕ್ಲಚ್ಚು?"

"ನೋಡನ."

ಕಾರು ಕೈಗೆ ಬಂದ ದಿನ ಅವಳು ಕೆ.ಆರ್. ನಗರದ ರಸ್ತೆ ಹಿಡಿದಳು. ಹೊಸ ಕ್ಲಚ್ಚು ಬೆಣ್ಣೆಯಂತೆ ಇಳಿಯುತ್ತಿತ್ತು, ಎಂಜಿನ್ನಿನ ಸದ್ದೇ ಇರಲಿಲ್ಲ. ಸದ್ದಿಲ್ಲದ ಆ ಕಾರಿನೊಳಗೆ ತಾನೊಬ್ಬಳೇ ಇರುವುದು ಅವಳಿಗೆ ಎಂದಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೊದಲ ಸ್ಟಾಪಿನಲ್ಲಿ ರಾಮಮ್ಮ ನಿಂತಿದ್ದಳು. ಪಕ್ಕದ ಬೀದಿಯವಳು, ಅವಳ ಓರಗೆಯವಳು, ಒಂದು ಕಾಲದಲ್ಲಿ ಒಟ್ಟಿಗೆ ಹುಣಿಸೆಕಾಯಿ ಕದ್ದವಳು. ಅಭ್ಯಾಸದ ಕಾಲು ಅರ್ಧಕ್ಕೇ ನಿಂತಿತು, ಕಾರು ತೆವಳತೊಡಗಿತು. ಸರ್ವಮಂಗಳಕ್ಕ ಬ್ರೇಕು ಒತ್ತಿದಳು, ನ್ಯೂಟ್ರಲಿಗೆ ಹಾಕಿದಳು, ಕಾಲು ತೆಗೆದು ನೆಲದ ಮೇಲಿಟ್ಟಳು. ಎಡಗಡೆಗೆ ಬಾಗಿ, ನೇರವಾಗಿ ರಾಮಮ್ಮನ ಮುಖ ನೋಡಿದಳು.

"ರಾಮಮ್ಮ, ಬತ್ತೀಯಾ? ನಂಗೆಲ್ಲೂ ಕೆಲ್ಸ ಇಲ್ಲ. ಒಬ್ಳೇ ಓಗಕ್ಕೆ ಬ್ಯಾಸ್ರ ಆಯ್ತದೆ."

ರಾಮಮ್ಮ ಬೆಪ್ಪಾದಳು. ಇಷ್ಟು ವರ್ಷ ಇವಳ ಬಾಯಿಂದ ಇಂಥ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ರಸ್ತೆಯ ಕಡೆ ನೋಡಿ, ಕೈಯ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ಮೆಲ್ಲಗೆ, "ಇಲ್ಲ ಕಣ್ ಮಂಗ್ಳಕ್ಕ, ಬಸ್ಸಲ್ಲಿ ನಮ್ಮೋರೆಲ್ಲ ಬತ್ತಾವ್ರೆ, ಜಾಗ ಇಡ್ದವ್ರೆ" ಅಂದಳು.

"ಆಯ್ತು ಬುಡು." ಸರ್ವಮಂಗಳಕ್ಕ ನಕ್ಕಳು, ಅಥವಾ ನಗಲು ನೋಡಿದಳು. ಫಸ್ಟ್ ಗೇರು ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಕಣ್ಣಿಗೆ ನೀರು ಬಂತು, ಕೋಟಿನ ತೋಳಿನಲ್ಲಿ ಒರೆಸಿಕೊಂಡಳು. ಮುಂದಿನ ಸ್ಟಾಪು ಬಂತು, ಅಲ್ಲಿ ಯಾರೋ ಗುರುತಿಲ್ಲದ ಹೆಂಗಸು ನಿಂತಿದ್ದಳು. ಅಲ್ಲಿಯೂ ಕಾರನ್ನು ಪೂರ್ತಿ ನಿಲ್ಲಿಸಿದಳು.

ಊರಿಗೊಬ್ಬರಾದರೂ ಇಂಥವರು ಇರುತ್ತಾರೆ. ಕೊಡುಗೈಯವರೆಂದು ಅವರನ್ನು ಹೊಗಳಿ, ಹೊಗಳಿದಷ್ಟೂ ದೂರ ಕೂರಿಸಿ, ಅವರಿಗೇನು ಕೊರತೆ ಎಂದು ನಾವು ನಮ್ಮ ನಮ್ಮ ಬಸ್ಸು ಹತ್ತುತ್ತೇವೆ. ಅವರು ಕೊಡುವುದೆಲ್ಲ ಒಂದು ಬಗೆಯ ಬೇಡುವಿಕೆಯೇ. ಅದು ಪಡೆದವರಿಗೆ ತಿಳಿಯುವುದಿಲ್ಲ, ಕೊಟ್ಟವರು ಹೇಳುವುದಿಲ್ಲ. ಇಳಿಯುವವರು ಬಾಗಿಲು ಹಾಕುತ್ತ "ಉಪಕಾರ ಆಯ್ತು" ಅನ್ನುತ್ತಾರೆ, ಆ ಮಾತನ್ನು ಮೊದಲು ಆಡಬೇಕಾದವರು ಒಳಗೇ ಸುಮ್ಮನೆ ಕೂತಿರುತ್ತಾರೆ. ಇಂಥವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳದೆಯೇ ಸಾಯುತ್ತಾರೆ. ಸರ್ವಮಂಗಳಕ್ಕ ಹೇಳಿದಳು, ಅದೂ ಹತ್ತದೆ ನಿಂತವಳಿಗೆ.